ಓಟದ ಗುಂಪಿನಲ್ಲೊಂದು ಅಲೆ

ಲಂಡನ್ನಿನಲ್ಲಿ 1981ರಲ್ಲಿ ಆರಂಭವಾದ ಮ್ಯಾರಥಾನ್ ಓಟವೂ ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟವೂ ಸತ್ಕಾರ್ಯಗಳಿಗೆ ಹಣ ಕೂಡಿಸುವುದಕ್ಕಾಗಿಯೂ ಹೆಸರಾಗಿವೆ. ಇಂಥ ಸಹಾಯಾರ್ಥ ಓಟಗಳಲ್ಲಿ ಸಾವಿರಾರು ಜನರು ಒಂದೇ ಬೀದಿಯಲ್ಲಿ ಸೇರುತ್ತಾರೆ. ಆಗ ಹಿಂದಿನ ಸಾಲಿನಲ್ಲಿ ನಿಂತವನಿಗೆ ಒಂದು ಸಂಗತಿ ವಿಚಿತ್ರವಾಗಿ ತೋರುತ್ತದೆ. ಓಟದ ಸನ್ನೆ ಕೇಳಿಸುತ್ತದೆ, ಮುಂದಿನವರು ಓಡತೊಡಗುತ್ತಾರೆ, ಅವನು ಮಾತ್ರ ನಿಂತಲ್ಲಿಯೇ ನಿಂತಿರುತ್ತಾನೆ. ಹೀಗೇಕೆ?

ಗೂಡ್ಸು ರೈಲು ಹೊರಡುವುದನ್ನು ನೆನೆಯಿರಿ. ಇಂಜಿನು ಮುಂದಕ್ಕೆ ಸರಿದಾಗ ಮೊದಲನೆಯ ಕೊಂಡಿ ಬಿಗಿಯಾಗುತ್ತದೆ, ಬಳಿಕ ಎರಡನೆಯದು, ಆಮೇಲೆ ಮೂರನೆಯದು. ಗಾಡಿ ಸಾಗುವುದು ಮುಂದಕ್ಕೆ. ಚಲನೆಯ ಸುದ್ದಿ ಹರಡುವುದು ಹಿಂದಕ್ಕೆ. ಜನಸಂದಣಿಯಲ್ಲಿಯೂ ಹೀಗೆಯೇ. ಮುಂದಿನವನು ಹೆಜ್ಜೆ ಕಿತ್ತಿಟ್ಟು ಜಾಗ ತೆರವು ಮಾಡಿದ ಮೇಲೆಯೇ ಹಿಂದಿನವನು ಅಡಿಯಿಡಬಲ್ಲನು.

ಫ್ರಾನ್ಸಿನ ಭೌತವಿಜ್ಞಾನಿಗಳಾದ ನಿಕೊಲಾ ಬೇನ್ ಮತ್ತು ಡೆನಿ ಬಾರ್ಟೊಲೊ ಅವರು ಅಮೆರಿಕದ ಷಿಕಾಗೋ ಮ್ಯಾರಥಾನಿನಲ್ಲಿ, ಆರಂಭದ ಗೆರೆಯ ಕಡೆಗೆ ನಡೆದುಬರುತ್ತಿದ್ದ ಓಟಗಾರರ ಚಲನಚಿತ್ರಗಳನ್ನು ಪರೀಕ್ಷಿಸಿ, 2019ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ವೇಗದ ಬದಲಾವಣೆಯು ಗುಂಪಿನಲ್ಲಿ ಅಲೆಯಾಗಿ, ಸೆಕೆಂಡಿಗೆ ಸುಮಾರು 1.2 ಮೀಟರಿನಂತೆ, ಹಿಮ್ಮುಖವಾಗಿ ಸಾಗುತ್ತಿತ್ತು. ಹಿಂದಿನಿಂದ ಮುಂದಕ್ಕೆ ಹೋಗುವ ಅಲೆ ಅವರಿಗೆ ಕಾಣಲಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ನೀವು ಗೆರೆಯಿಂದ 300 ಮೀಟರ್ ಹಿಂದೆ ನಿಂತಿದ್ದೀರಿ ಎನ್ನಿ. ಅಲೆ ನಿಮ್ಮನ್ನು ಮುಟ್ಟಲು 300 ÷ 1.2, ಅಂದರೆ 250 ಸೆಕೆಂಡುಗಳು ಬೇಕು. ನಾಲ್ಕು ನಿಮಿಷಕ್ಕೂ ಮಿಗಿಲು. ಅನಂತರ ಗೆರೆಯವರೆಗೆ ನಡೆಯಬೇಕಾದ ದಾರಿ ಬೇರೆ ಇದೆ. ಈ ಅನ್ಯಾಯವನ್ನು ತಪ್ಪಿಸಲೆಂದೇ ದೊಡ್ಡ ಓಟಗಳಲ್ಲಿ ಓಟಗಾರನ ಸಂಖ್ಯಾಪಟ್ಟಿಗೋ ಪಾದರಕ್ಷೆಗೋ ಚಿಕ್ಕದೊಂದು ಚಿಪ್ ಅಂಟಿಸುತ್ತಾರೆ. ಅವನು ಗೆರೆ ದಾಟಿದ ಕ್ಷಣದಿಂದ ಅವನ ಕಾಲವನ್ನು ಎಣಿಸಲು ಇದರಿಂದ ಸಾಧ್ಯವಾಗುತ್ತದೆ.

ಆದುದರಿಂದ ಹಿಂದಿನಿಂದ ನೂಕುವುದು ವ್ಯರ್ಥ. ವ್ಯರ್ಥವಷ್ಟೇ ಅಲ್ಲ, ಅಪಾಯಕರ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಓಡುವವನ ಮುಂದೆ ಯಾರೋ ಎಡವಿ ಬಿದ್ದರೆನ್ನಿ. ಅದನ್ನು ಕಂಡು ಕಾಲನ್ನು ತಡೆಯಲು ಅವನಿಗೆ ಅರ್ಧ ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಅವನು ಒಂದೂವರೆ ಮೀಟರ್ ಮುಂದೆ ಹೋಗಿರುತ್ತಾನೆ. ಪೂರ್ತಿಯಾಗಿ ನಿಲ್ಲಲು ಇನ್ನಷ್ಟು ದೂರ ಬೇಕು. ಅಷ್ಟು ಅಂತರವಿಲ್ಲದಿದ್ದರೆ ಬಿದ್ದವನ ಮೇಲೆ ಅವನೂ ಬೀಳುವನು. ಅವನ ಬೆನ್ನಿಗೆ ಅಂಟಿ ಬರುತ್ತಿರುವವರಿಗಾದರೋ ಬಿದ್ದವನು ಕಾಣುವುದೇ ಇಲ್ಲ.

ಓಟಗಾರರನ್ನು ತಂಡ ತಂಡವಾಗಿ, ನಡುವೆ ಬಿಡುವು ಕೊಟ್ಟು ಹೊರಡಿಸುವುದರ ಉದ್ದೇಶ ಈ ಅಂತರವನ್ನು ಉಳಿಸುವುದೇ. ವ್ಯವಸ್ಥಾಪಕರು ಒದಗಿಸಿದ ಅಂತರವನ್ನು ಕಾಪಾಡುವ ಹೊಣೆ ಓಟಗಾರನದು. ನಿಧಾನವಾಗಿ ಓಡುವವನು ಬದಿಗೆ ಸರಿಯಲಿ. ನಿಲ್ಲಬೇಕಾದವನು ಕೈಯೆತ್ತಿ ತಿಳಿಸಿ ಅಂಚಿಗೆ ಹೋಗಲಿ. ಅನ್ಯರ ನೆರವಿಗಾಗಿ ಓಡುವವನು ಪಕ್ಕದವನಿಗೆ ಮಾಡಬಹುದಾದ ಮೊದಲನೆಯ ನೆರವು ಇದೇ.