ಪುಟ್ಟ ನಾಯಿಯ ಶಿಕ್ಷಣ

ನೆಲದ ಮೇಲೆ ಬಾಳುವ ಸಸ್ತನಿಗಳಲ್ಲಿ ನಾಯಿಯಷ್ಟು ಗಾತ್ರಭೇದವನ್ನು ತೋರುವ ಪ್ರಾಣಿ ಬೇರೊಂದಿಲ್ಲ. ಎರಡು ಕಿಲೋಗ್ರಾಂ ತೂಗುವ ಚಿವಾವಾ, ಎಪ್ಪತ್ತು ಕಿಲೋಗ್ರಾಂಗಳನ್ನೂ ಮೀರುವ ಮ್ಯಾಸ್ಟಿಫ್, ಇವೆರಡೂ ಒಂದೇ ಜೀವಜಾತಿಗೆ ಸೇರಿದವು. ನಮ್ಮ ಊರುಗಳಲ್ಲಿ ಪೊಮೆರೇನಿಯನ್ ಎಂಬ ಹೆಸರಿನಿಂದ ಸಾಕುವ ಬಿಳಿಯ ತುಪ್ಪುಳಿನ ನಾಯಿ ಬಹುಮಟ್ಟಿಗೆ ಅದರ ಬಂಧುವಾದ ಇಂಡಿಯನ್ ಸ್ಪಿಟ್ಸ್. ನಾಯಿಗಳ ಕಿರಿದಾದ ಗಾತ್ರಕ್ಕೆ ಐಜಿಎಫ್-೧ ಎಂಬ ಜೀನಿನಲ್ಲಿರುವ ವ್ಯತ್ಯಾಸವು ಮುಖ್ಯ ಕಾರಣಗಳಲ್ಲೊಂದೆಂದು ವಿಜ್ಞಾನಿಗಳು ೨೦೦೭ರಲ್ಲಿ ತೋರಿಸಿಕೊಟ್ಟರು. ಮೈ ಕಿರಿದಾದರೂ ಕಲಿಕೆಯ ನಿಯಮಗಳು ಮಾತ್ರ ಎಲ್ಲ ನಾಯಿಗಳಿಗೂ ಒಂದೇ.

ಪುಟ್ಟ ನಾಯಿಗಳು ಸದಾ ಬೊಗಳುತ್ತವೆ, ಮುಂಗೋಪದವು, ಹೇಳಿದ ಮಾತನ್ನು ಕೇಳವು ಎಂಬ ದೂರು ಸಾಮಾನ್ಯವಾದುದು. ಇದು ಅವುಗಳ ಹುಟ್ಟುಗುಣವೋ ಅಥವಾ ನಾವೇ ಕಲಿಸಿದ ಪಾಠವೋ? ಆಸ್ಟ್ರಿಯಾದ ವಿಯೆನ್ನಾದಲ್ಲಿ ನಾಯಿ ಸಾಕಿದವರ ಉತ್ತರಗಳನ್ನು ಸಂಗ್ರಹಿಸಿ ನಡೆಸಿದ ಒಂದು ಅಧ್ಯಯನವು ೨೦೧೦ರಲ್ಲಿ ಪ್ರಕಟವಾಯಿತು. ಚಿಕ್ಕ ನಾಯಿಗಳ ಒಡೆಯರು ಅವುಗಳಿಗೆ ಪಾಠ ಹೇಳುವುದು ಕಡಿಮೆ. ಅವರ ನಡತೆಯಲ್ಲಿ ಸ್ಥಿರತೆಯೂ ಕಡಿಮೆ ಎಂದು ಅದರಲ್ಲಿ ಕಂಡುಬಂದಿತು. ಹೆಚ್ಚಾಗಿ ದಂಡನೆಗೆ ಒಳಗಾದ ಚಿಕ್ಕ ನಾಯಿಗಳಲ್ಲಿ ಆಕ್ರಮಣವೂ ಅಂಜಿಕೆಯೂ ಹೆಚ್ಚಾಗಿದ್ದುವು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಹೇಳಲಾಗದು. ಆದುದರಿಂದ ಪ್ರಯೋಗಶಾಲೆ ಏನು ಹೇಳುತ್ತದೆಂಬುದನ್ನೂ ನೋಡೋಣ.

ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಬಹುಮಾನ ಪಡೆದ ರಷ್ಯದ ಇವಾನ್ ಪಾವ್ಲೋವ್, ಆಹಾರಕ್ಕೆ ಮುಂಚೆ ಪ್ರತಿಸಲವೂ ಒಂದು ಸಂಕೇತವನ್ನು ಕೊಡುತ್ತ ಬಂದರೆ, ಕೊನೆಗೆ ಸಂಕೇತವೊಂದರಿಂದಲೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿದನು. ಇದು ಅನುಬಂಧನ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ೧೮೯೮ರಲ್ಲಿ ಬೆಕ್ಕುಗಳನ್ನು ಒಗಟಿನ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿ ಇನ್ನೊಂದು ತತ್ತ್ವಕ್ಕೆ ದಾರಿಮಾಡಿದನು. ಸುಖಕರವಾದ ಫಲ ದೊರೆತ ಕೆಲಸವನ್ನು ಪ್ರಾಣಿಯು ಮತ್ತೆ ಮತ್ತೆ ಮಾಡುತ್ತದೆ. ಬಿ. ಎಫ್. ಸ್ಕಿನ್ನರ್ ಇದನ್ನು ವಿಸ್ತರಿಸಿ, ಅಂಥ ಫಲಕ್ಕೆ ಪುನರ್ಬಲನವೆಂಬ ಸ್ಥಾನವನ್ನಿತ್ತನು.

ಈ ಎರಡು ತತ್ತ್ವಗಳನ್ನು ನಮ್ಮ ಮನೆಯ ಬಾಗಿಲಿಗೆ ಅನ್ವಯಿಸೋಣ. ಕರೆಗಂಟೆಯ ಬೆನ್ನಿಗೇ ಅಪರಿಚಿತನು ಬರುವುದರಿಂದ ಗಂಟೆಯೇ ಉದ್ವೇಗದ ಸಂಕೇತವಾಗುತ್ತದೆ. ನಾಯಿ ಬೊಗಳುತ್ತದೆ, ಅಂಚೆಯವನು ಕಾಗದ ಕೊಟ್ಟು ಹೊರಟುಹೋಗುತ್ತಾನೆ. ಅವನು ತನ್ನ ಕೆಲಸ ಮುಗಿದುದರಿಂದ ಹೋದನೆಂಬುದು ನಾಯಿಗೆ ತಿಳಿಯದು. ತಾನು ಬೊಗಳಿದುದು ಫಲಿಸಿತೆಂಬಂತೆ ಅದರ ಅಭ್ಯಾಸ ಬಲಿಯುತ್ತದೆ. ಊಟದ ಹೊತ್ತಿನ ಬೇಡಿಕೆಯೂ ಹೀಗೆಯೇ. ಒಂಬತ್ತು ಸಲ ಗದರಿಸಿ ಹತ್ತನೆಯ ಸಲ ಕನಿಕರದಿಂದ ತುತ್ತೊಂದನ್ನು ಎಸೆದರೆ, ಒಮ್ಮೊಮ್ಮೆ ಮಾತ್ರ ಫಲ ಸಿಕ್ಕುವ ಅಭ್ಯಾಸವೇ ಅಳಿಸಲು ಅತಿ ಕಠಿಣವಾದುದು. ದೊಡ್ಡ ನಾಯಿ ಮೈಮೇಲೆ ಹಾರಿದರೆ ತಡೆಯುವ ನಾವು ಪುಟ್ಟ ನಾಯಿ ಹಾರಿದರೆ ನಕ್ಕು ಎತ್ತಿಕೊಳ್ಳುತ್ತೇವೆ. ನಾಳೆ ಬಟ್ಟೆ ಕೊಳೆಯಾದಾಗ ಬೈಯುತ್ತೇವೆ. ಇಂಥ ಪಾಠದಿಂದ ಅದು ಏನನ್ನು ತಾನೆ ಕಲಿತೀತು?

ಮೊದಲ ಪಾಠವಾಗಿ ‘ಕೂರು’ ಎಂಬುದನ್ನು ಆರಿಸಿಕೊಳ್ಳಬಹುದು. ನಿಂತ ಮನುಷ್ಯನ ಆಕಾರ ಪುಟ್ಟ ನಾಯಿಗೆ ಬೆದರಿಕೆಯಾಗಿ ಕಾಣಬಹುದಾದ್ದರಿಂದ ನಾವೂ ನೆಲದ ಮೇಲೆ ಕುಳಿತುಕೊಳ್ಳಬೇಕು. ಕಡಲೆಕಾಳಿನಷ್ಟು ಆಹಾರವನ್ನು ಅದರ ಮೂಗಿನ ಬಳಿ ಹಿಡಿದು, ಮೆಲ್ಲನೆ ತಲೆಯ ಮೇಲಿಂದ ಹಿಂದಕ್ಕೆ ಸರಿಸಬೇಕು. ಮೂಗು ಮೇಲೇರಿದಂತೆ ಹಿಂಭಾಗ ತಾನಾಗಿ ನೆಲಮುಟ್ಟುತ್ತದೆ. ಆ ಕ್ಷಣದಲ್ಲೇ ‘ಸೈ’ ಎಂದು ಹೇಳಿ ಆಹಾರವನ್ನು ಕೊಡಬೇಕು. ತಡವಾದರೆ ನಾಯಿ ಬೇರಾವುದೋ ಕೆಲಸಕ್ಕೆ ಫಲ ಸಿಕ್ಕಿತೆಂದು ಕಲಿಯುತ್ತದೆ. ಈ ಚಲನೆ ರೂಢಿಯಾದ ಮೇಲೆ, ಕೈಯಾಡಿಸುವುದಕ್ಕೆ ತುಸು ಮೊದಲು ‘ಕೂರು’ ಎಂಬ ಮಾತನ್ನು ಸೇರಿಸಬೇಕು. ಒಂದೊಂದು ಪಾಠ ಎರಡು ಮೂರು ನಿಮಿಷ ಸಾಕು. ದಿನಕ್ಕೆ ಮೂರು ನಾಲ್ಕು ಬಾರಿ ನಡೆಯಲಿ. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸುವುದು ಅವಶ್ಯ.

ಚಿಕ್ಕ ಮೈಗೆ ತಕ್ಕ ಎಚ್ಚರಿಕೆಗಳೂ ಉಂಟು. ಬಹುಮಾನದ ಆಹಾರವನ್ನು ದಿನದ ಆಹಾರದಿಂದಲೇ ಕಳೆಯಬೇಕು. ಇಲ್ಲವಾದರೆ ಬೊಜ್ಜು ಬೆಳೆಯುತ್ತದೆ. ಚಾಕೊಲೇಟು, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷಕರ. ಹಸಿದಿದ್ದರೆ ಚೆನ್ನಾಗಿ ಕಲಿಯುವುದೆಂದು ಪುಟ್ಟ ತಳಿಯ ಮರಿಯನ್ನು ಉಪವಾಸ ಕೆಡವಬಾರದು. ಅದರ ರಕ್ತದ ಗ್ಲುಕೋಸ್ ಬೇಗನೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅನೇಕ ಪುಟ್ಟ ತಳಿಗಳಲ್ಲಿ ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ದುರ್ಬಲವಾಗಿರುವುದುಂಟು. ಆದಕಾರಣ ಕೊರಳಪಟ್ಟಿಗಿಂತ ಎದೆಯನ್ನು ಬಳಸಿ ಕಟ್ಟುವ ಪಟ್ಟಿ ಲೇಸು. ಮೂತ್ರಕೋಶವೂ ಕಿರಿದು. ಮರಿಯನ್ನು ನಿದ್ದೆ, ಊಟ, ಆಟಗಳಾದ ಕೂಡಲೇ ಹೊರಗೆ ಕರೆದೊಯ್ದು, ಅಲ್ಲಿ ವಿಸರ್ಜಿಸಿದೊಡನೆ ಮೆಚ್ಚಬೇಕು. ಒಳಗೆ ಆದ ಹೇಸಿಗೆಗೆ ಅದರ ಮೂಗನ್ನು ಉಜ್ಜುವುದು ವ್ಯರ್ಥ. ಕಳೆದುಹೋದ ಕೆಲಸಕ್ಕೆ ದೊರೆತ ಪೆಟ್ಟನ್ನು ನಾಯಿ ಆ ಕೆಲಸದೊಡನೆ ಜೋಡಿಸದು, ಹೊಡೆದ ಕೈಯೊಡನೆ ಜೋಡಿಸುತ್ತದೆ.

ಅಮೆರಿಕದ ಬಾರ್ ಹಾರ್ಬರಿನಲ್ಲಿ ಐದು ತಳಿಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಸ್ಕಾಟ್ ಮತ್ತು ಫುಲ್ಲರ್ ೧೯೬೫ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಸುಮಾರು ಮೂರರಿಂದ ಹನ್ನೆರಡು ವಾರಗಳ ವಯಸ್ಸು ಮರಿಯು ಮನುಷ್ಯರನ್ನು ಬಂಧುಗಳೆಂದು ಗುರುತಿಸುವ ಸೂಕ್ಷ್ಮಕಾಲವೆಂಬುದು ಅವರ ನಿರ್ಣಯ. ಲಸಿಕೆಗಳು ಪೂರ್ಣವಾಗುವವರೆಗೆ ಮರಿಯನ್ನು ತೋಳಿನಲ್ಲೆತ್ತಿಕೊಂಡಾದರೂ ಮಕ್ಕಳ ಗದ್ದಲ, ವಾಹನಗಳ ಶಬ್ದಗಳನ್ನು ಮೆಲ್ಲಮೆಲ್ಲನೆ ಪರಿಚಯಿಸಬೇಕು.

ಗುರುಗುಟ್ಟುವ ನಾಯಿಯನ್ನು ಹೊಡೆಯಬಾರದು. ಗುರುಗುಟ್ಟುವುದು ಎಚ್ಚರಿಕೆ, ಅದನ್ನು ಅಡಗಿಸಿದರೆ ಭಯ ಉಳಿದು ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದೆ ಅದು ಸದ್ದಿಲ್ಲದೆ ಕಚ್ಚಬಹುದು, ಕಚ್ಚಿಸಿಕೊಳ್ಳುವುದು ಮನೆಯ ಮಗುವೇ ಆಗಬಹುದು. ನಾಯಿ ಎಷ್ಟೇ ಚಿಕ್ಕದಿರಲಿ, ರೇಬೀಸ್ ರೋಗಾಣುವಿಗೆ ಆ ಭೇದವಿಲ್ಲ. ನಾಯಿಗೆ ಲಸಿಕೆಯನ್ನು ತಪ್ಪಿಸಕೂಡದು. ಕಡಿತವಾದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮನೆಯಲ್ಲಿ ನಾಯಿಯಿರುವ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ನಡೆಸಬಹುದು. ಹತ್ತು ದಿನ, ದಿನಕ್ಕೆ ಹತ್ತು ಬಾರಿ ‘ಕೂರು’ ಎಂದು ಹೇಳಿ, ಎಷ್ಟು ಬಾರಿ ಕುಳಿತಿತೆಂಬುದನ್ನು ಬರೆದಿಟ್ಟು ನಕ್ಷೆ ತೆಗೆಯಿರಿ. ಹನ್ನೊಂದನೆಯ ದಿನ ಕೈಯಾಡಿಸದೆ ಐದು ಬಾರಿ ಮಾತನ್ನೂ, ಮಾತಿಲ್ಲದೆ ಐದು ಬಾರಿ ಕೈಸನ್ನೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿರಿ. ನಾಯಿ ನಿಜವಾಗಿ ಕಲಿತುದು ನಮ್ಮ ಮಾತನ್ನೋ, ಕೈಯನ್ನೋ ಎಂಬುದು ಆಗ ತಿಳಿಯುತ್ತದೆ. ನಕ್ಷೆಯ ರೇಖೆ ಏರದಿದ್ದರೆ ನಾಯಿಯನ್ನು ದೂರುವ ಮುನ್ನ, ಬಹುಮಾನ ಸರಿಯಾದ ಕ್ಷಣದಲ್ಲಿ ದೊರೆಯಿತೇ ಎಂಬುದನ್ನು ನೋಡಿರಿ.