ಸಣ್ಣ ಖಾಸಗಿ ವಿಮಾನ: ಒಡೆತನ, ಪಾಲನೆ ಮತ್ತು ಪ್ರವಾಸ

ಪುಣೆ ಜಿಲ್ಲೆಯ ಬಾರಾಮತಿಯು ಕಬ್ಬು ಬೆಳೆಯುವ ಪ್ರದೇಶದ ತಾಲ್ಲೂಕು ಕೇಂದ್ರ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಇಲ್ಲಿ ನಿರ್ಮಿಸಿದ ವಿಮಾನ ನಿಲ್ದಾಣವನ್ನು ತರಬೇತಿ ಶಾಲೆಗಳ ಪುಟ್ಟ ವಿಮಾನಗಳೂ ಖಾಸಗಿ ವಿಮಾನಗಳೂ ಹಂಚಿಕೊಂಡು ಬಳಸುತ್ತ ಬಂದಿವೆ. 2023ರ ಅಕ್ಟೋಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಈ ಭಾಗದಲ್ಲಿ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದವು. ವಿಮಾನ ಎಷ್ಟೇ ಚಿಕ್ಕದಾಗಿರಲಿ, ಅದನ್ನು ಕಾರಿನಂತೆ ರಸ್ತೆಯ ಬದಿಗೆ ನಿಲ್ಲಿಸಿ ದುರಸ್ತಿ ಮಾಡಲಾಗದು. ಆದ್ದರಿಂದ ದೋಷವನ್ನು ನೆಲದ ಮೇಲೆಯೇ ಪತ್ತೆಹಚ್ಚುವುದು ಒಡೆಯನ ಮೊದಲ ಕರ್ತವ್ಯ.

1955ರಲ್ಲಿ ಮೊದಲು ಹಾರಿದ ನಾಲ್ಕು ಆಸನಗಳ ಸೆಸ್ನಾ 172 ಇಂತಹ ವಿಮಾನಗಳಲ್ಲಿ ಪ್ರಸಿದ್ಧವಾದುದು. ಇದರ ಆಯುಷ್ಯವನ್ನು ಕಿಲೋಮೀಟರುಗಳಲ್ಲಿ ಅಲ್ಲ, ಹಾರಿದ ಗಂಟೆಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 50 ಮತ್ತು 100 ಗಂಟೆಗಳಿಗೊಮ್ಮೆ ತಪಾಸಣೆ ನಡೆಯುತ್ತದೆ. ಸುಮಾರು 2,000 ಗಂಟೆಗಳಾದ ಮೇಲೆ ಎಂಜಿನನ್ನು ಪೂರ್ತಿ ಬಿಚ್ಚಿ ನವೀಕರಿಸಬೇಕಾಗುತ್ತದೆ. ಹಾರಾಟ ಕಡಿಮೆಯಿದ್ದರೆ ಖರ್ಚೂ ಕಡಿಮೆಯೆಂದು ಭಾವಿಸುವುದು ಸರಿಯಲ್ಲ. ತಿಂಗಳುಗಟ್ಟಲೆ ನಿಂತ ಎಂಜಿನಿನ ಒಳಗೆ ತೇವದಿಂದ ತುಕ್ಕು ಹಿಡಿಯುತ್ತದೆ. ಈ ಕಾರಣದಿಂದಲೇ ತಯಾರಕರು ಗಂಟೆಗಳ ಜೊತೆಗೆ ವರ್ಷಗಳ ಮಿತಿಯನ್ನೂ ಸೂಚಿಸುತ್ತಾರೆ. ತಪಾಸಣೆಯನ್ನು ಪರವಾನಗಿ ಪಡೆದ ಎಂಜಿನಿಯರು ದೃಢೀಕರಿಸಬೇಕು; ಒಡೆಯನ ಮಾತು ಸಾಲದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಹಾರಾಟ ಯೋಗ್ಯತಾ ಪತ್ರಗಳಿಲ್ಲದೆ ವಿಮಾನವನ್ನು ಹಾರಿಸುವಂತಿಲ್ಲ.

ಚಾಲಕನ ಕೈಯಲ್ಲೇ ಇರುವ ಪರೀಕ್ಷೆಗಳೂ ಉಂಟು. ಇವುಗಳಲ್ಲಿ ಅತ್ಯಂತ ಸರಳವಾದುದು ಇಂಧನದ ಪರೀಕ್ಷೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟಬಹುದು. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಬೆಳಿಗ್ಗೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಇಳಿಸಿದರೆ, ನೀಲಿ ಬಣ್ಣದ ವಿಮಾನ ಪೆಟ್ರೋಲಿನ ಕೆಳಗೆ ಬಣ್ಣವಿಲ್ಲದ ನೀರು ಕಾಣಿಸುತ್ತದೆ. ಎರಡೇ ನಿಮಿಷದ ಈ ಕೆಲಸವನ್ನು ಬಿಟ್ಟುಬಿಟ್ಟರೆ, ಮೇಲೇರುವ ವೇಳೆಯಲ್ಲೇ ಎಂಜಿನು ನಿಂತುಹೋದೀತು. ಅನಂತರ ಪ್ರತಿ ಸಿಲಿಂಡರಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಪ್ರವಾಸಕ್ಕೆ ಉದಾಹರಣೆಯಾಗಿ ಬೆಳಗಾವಿಯನ್ನು ತೆಗೆದುಕೊಳ್ಳಬಹುದು. ಅದು ಬಾರಾಮತಿಗೆ ಬಹುತೇಕ ನೇರ ದಕ್ಷಿಣದಲ್ಲಿ, ಆಕಾಶಮಾರ್ಗವಾಗಿ ಸುಮಾರು 260 ಕಿಲೋಮೀಟರು ದೂರದಲ್ಲಿದೆ. ದಾರಿಯಲ್ಲಿ ಸಾಂಗ್ಲಿ, ಮೀರಜ್, ಕೃಷ್ಣಾ ನದಿ ಮತ್ತು ಚಿಕ್ಕೋಡಿಯ ಪರಿಸರ ಗುರುತುಗಳಾಗುತ್ತವೆ. ಒಂದೂಕಾಲು ಗಂಟೆಯ ಈ ಹಾರಾಟಕ್ಕೆ ಸುಮಾರು 45 ಲೀಟರು ಪೆಟ್ರೋಲು ಸಾಕೆನಿಸಿದರೂ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ದೊಡ್ಡ ವಿಮಾನಗಳ ಇಂಧನವೇ ಬೇರೆ. ವಿಮಾನ ಪೆಟ್ರೋಲು ಎಲ್ಲ ನಿಲ್ದಾಣಗಳಲ್ಲೂ ದೊರೆಯುವುದಿಲ್ಲ. ಆದಕಾರಣ ಹಿಂದಿರುಗುವ ಇಂಧನವನ್ನೂ ಮೀಸಲನ್ನೂ ಹೊತ್ತೊಯ್ಯುವುದು ಕ್ಷೇಮ. ಆದರೆ ಟ್ಯಾಂಕು ತುಂಬಿದರೆ ನಾಲ್ವರು ವಯಸ್ಕರಿಗೆ ಹಾಗೂ ಅವರ ಸಾಮಾನಿಗೆ ಅನೇಕ ವೇಳೆ ತೂಕದ ಮಿತಿ ಅವಕಾಶ ಕೊಡದು. ನಾಲ್ಕು ಆಸನಗಳಿವೆಯೆಂದು ನಾಲ್ವರನ್ನು ಕರೆಯುವ ಮುನ್ನ ತಕ್ಕಡಿಯನ್ನು ಕೇಳಬೇಕು!

ಬೇಸಿಗೆಯ ಮಧ್ಯಾಹ್ನ ಈ ಮಿತಿ ಇನ್ನೂ ಬಿಗಿಯಾಗುತ್ತದೆ. ದಖ್ಖನಿನ ಎತ್ತರದಲ್ಲಿ ಕಾದ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೆ ಆಧಾರವೂ ಎಂಜಿನಿಗೆ ಬಲವೂ ಕುಗ್ಗಿ, ಮೇಲೇರಲು ಹೆಚ್ಚು ಉದ್ದದ ಓಟ ಬೇಕಾಗುತ್ತದೆ. ಹವಾಮಾನ ವರದಿ ಪಡೆದು, ಹಾರಾಟ ಯೋಜನೆ ಸಲ್ಲಿಸಿ, ವಾಯು ರಕ್ಷಣಾ ಅನುಮತಿ ಸಂಖ್ಯೆ ದೊರೆತ ಮೇಲೆ ಮುಂಜಾನೆಯ ತಂಪಿನಲ್ಲಿ ಹೊರಡುವುದೇ ಲೇಸು.