ದೂರದ ವಿಮಾನಯಾನ: ದೇಹ ಎಣಿಸುವ ಹೊತ್ತು



ವಿದುರಾಶ್ವತ್ಥದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಹಿರಿಯರು ಈಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: "ಡಾಕ್ಟ್ರೇ, ಮಗ ಅಮೆರಿಕಕ್ಕೆ ಕರೆದಿದ್ದಾನೆ. ಅಷ್ಟು ದೂರವನ್ನು ಈ ದೇಹ ತಡೆದೀತೇ?"

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನಗರಗಳ ನಡುವೆ ನೇರ ವಿಮಾನವನ್ನು ಆರಂಭಿಸಿದಾಗ, ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ವಿಮಾನವು ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದಿತು. ನೇರವಾಗಿ ಹಾರಿದರೂ 16–17 ಗಂಟೆ ಬೇಕು. ನಡುವೆ ವಿಮಾನ ಬದಲಿಸಿದರೆ 20 ಗಂಟೆ ಮೀರುತ್ತದೆ.

ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟವರು ಹದಿನಾರೂವರೆ ಗಂಟೆ ಹಾರಿ, ಅದೇ ಸೋಮವಾರ ಸಂಜೆ 5ಕ್ಕೆ ಇಳಿಯುತ್ತಾರೆ. ಗಡಿಯಾರದ ಲೆಕ್ಕ ಮೂರು ಗಂಟೆ. ದೇಹಕ್ಕೆ ಆಗ ಮರುದಿನದ ಬೆಳಗಿನ ಆರೂವರೆ. ಹಸಿವು, ನಿದ್ರೆ, ಮಲಪ್ರವೃತ್ತಿಗಳು ಹೊಸ ಸೂರ್ಯನಿಗೆ ಹೊಂದಿಕೊಳ್ಳಲು ವಾರವೇ ಬೇಕಾಗಬಹುದು.

ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಂತೆ ಇರುತ್ತದೆ. ನಮ್ಮ ನಂದಿಬೆಟ್ಟವೇ 4,851 ಅಡಿ. ಅಲ್ಲಿಯ ಗಾಳಿ ಬಹಳ ಒಣಗಿದ್ದು. ಶುಷ್ಕತೆ, ಜಾಗರಣೆ, ವೇಗಧಾರಣೆ ಇವು ವಾತವನ್ನು ಕೆರಳಿಸುತ್ತವೆಂದು ಆಯುರ್ವೇದ ಹೇಳುತ್ತದೆ. ವೃದ್ಧಾಪ್ಯವಂತೂ ವಾತಪ್ರಧಾನವಾದ ವಯಸ್ಸು.

ಹೀಗೆ ಹೋಗಿಬಂದ ತಾಯಿಯೊಬ್ಬರು, ಪಕ್ಕದವರನ್ನು ಎಬ್ಬಿಸಬೇಕಾದೀತೆಂಬ ಸಂಕೋಚದಿಂದ ದಾರಿಯುದ್ದಕ್ಕೂ ನೀರನ್ನೇ ಕುಡಿದಿರಲಿಲ್ಲ, ಕುಳಿತಲ್ಲಿಂದ ಎದ್ದಿರಲಿಲ್ಲ. ಮೂರನೆಯ ದಿನ ಒಂದು ಮೀನಖಂಡ ಊದಿಕೊಂಡಿತು. ಎಣ್ಣೆ ತಿಕ್ಕಿಸಿಕೊಳ್ಳಲು ನಮ್ಮಲ್ಲಿಗೆ ಬಂದರು. ನಾವು ಕಾಲನ್ನು ಮುಟ್ಟಿ ತಿಕ್ಕದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದ್ದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಿತ್ತು. ಇಂಥ ಊತಕ್ಕೆ ಅಭ್ಯಂಗ ಸಲ್ಲದು.

ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಸಂಭವ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಇದು ಸುಮಾರು 6,000ಕ್ಕೆ ಒಬ್ಬರಿಗೆ ಮಾತ್ರ. ಆದ್ದರಿಂದ ಭಯ ಬೇಡ, ಎಚ್ಚರವಿರಲಿ.

ಪಾಲಿಸಬೇಕಾದವು ಇಷ್ಟೇ:

1. ನಡುದಾರಿಯ ಪಕ್ಕದ ಆಸನವನ್ನೇ ಕೇಳಿ ಪಡೆಯಿರಿ. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಅಶ್ವತ್ಥಕ್ಕೆ ಪ್ರದಕ್ಷಿಣೆ ಬರುವ ಕಾಲುಗಳಿಗೆ ಇದು ಕಷ್ಟವಲ್ಲ. ಕುಳಿತಾಗ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿರಿ.

2. ಬೆಚ್ಚಗಿನ ನೀರನ್ನು ಆಗಾಗ ಗುಟುಕರಿಸಿರಿ. ಮೂತ್ರವನ್ನು ತಡೆಯಬೇಡಿರಿ. ಚರಕಾಚಾರ್ಯರು ತಡೆಯಬಾರದೆಂದ ಹದಿಮೂರು ವೇಗಗಳಲ್ಲಿ ಇದೂ ಒಂದು.

3. ಆಹಾರ ಲಘುವಾಗಿರಲಿ. ತಲುಪಿದ ಮೇಲೆ ಹಗಲು ಬಿಸಿಲಿನಲ್ಲಿ ನಡೆದು, ಅಲ್ಲಿಯ ರಾತ್ರಿಯಲ್ಲೇ ಮಲಗಿರಿ.

4. ಮಧುಮೇಹ, ರಕ್ತದೊತ್ತಡದ ಔಷಧಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿರಿ. ಇನ್ಸುಲಿನ್ ಹೊತ್ತನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿರಿ. ಹೃದ್ರೋಗಿಗಳೂ ಈಚೆಗೆ ಶಸ್ತ್ರಚಿಕಿತ್ಸೆಯಾದವರೂ ಅವರ ಒಪ್ಪಿಗೆಯಿಲ್ಲದೆ ಹೊರಡಬಾರದು.

5. ಒಂದೇ ಕಾಲು ಊದಿದರೆ, ಎದೆ ನೋವು ಅಥವಾ ಉಬ್ಬಸ ಬಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿರಿ.

ಮೊಮ್ಮಕ್ಕಳ ಮುಖ ಕಾಣುವ ಆಸೆ ಸಹಜ. ಸಂಕೋಚವನ್ನು ಮನೆಯಲ್ಲೇ ಬಿಟ್ಟು ಹೊರಡಿರಿ. ಸುಖವಾಗಿ ಹೋಗಿ ಬನ್ನಿರಿ.